ಹೊಸ್ತಿಲಿಲ್ಲದ ಬಾಗಿಲಲ್ಲಿ ಹಚ್ಚಿದ ಕರ್ಪೂರ

ಮೊನ್ನೆ ಮಂಡಿನೋವು ಅಂತ ಚಾಮರಾಜನಗರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬಾಗಿಲ ಬಳಿ ನೆಲ ಒರೆಸುವ ಎರಡು ಬಕೆಟ್ ಇಟ್ಟಿದ್ದರು, ಒಂದು ನೀಲಿ, ಒಂದು ಕೆಂಪು. ಅಷ್ಟೇ. ಗುಂಡ್ಲುಪೇಟೆಯ ಆಯಮ್ಮ ನೆನಪಾದಳು...

ಆಗ ನಾನು ಗುಂಡ್ಲುಪೇಟೆಯ ಖಾಸಗಿ ಕ್ಲಿನಿಕ್ಕೊಂದರಲ್ಲಿ ನರ್ಸು, ಆಯಮ್ಮ ಅಲ್ಲಿ ನೆಲ ಒರೆಸುವವಳು. ಡಾಕ್ಟ್ರು ಆ ವರ್ಷ ನೆಲಕ್ಕೆ ಹೊಸದಾಗಿ ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಳೆ ಹಾಸಿಸಿದ್ದರು. ಮೂಲೆಯಲ್ಲಿ ಕೊಳೆ ಕೂರದ ಹಾಗೆ ಗೋಡೆಯ ಬುಡದಲ್ಲಿ ಮೇಲಕ್ಕೆ ಬಾಗಿಸಿ ಅಂಟಿಸಿದ್ದರು. ಬಾಗಿಲುಗಳಿಗೆ ಹೊಸ್ತಿಲೂ ಇರಲಿಲ್ಲ. ಹಾಸಲು ಬಂದ ಕೇರಳದವನು ತನ್ನ ಅರೆಬರೆ ಕನ್ನಡದಲ್ಲಿ ಹೇಳಿ ಹೋದ: ಫಿನಾಯಿಲ್ ಬೇಡ, ಆಸಿಡ್ ಬೇಡ, ಒಂದು ಬಕೆಟ್ಟಿಗೆ ಒಂದೇ ಮುಚ್ಚಳ ಸೋಪಿನ ದ್ರವ, ಬಟ್ಟೆ ಜಾಲಿಸಲು ಬೇರೆ ಬಕೆಟ್. ನಾವೆಲ್ಲ ಅವತ್ತೇ ಮರೆತೆವು. ಆಯಮ್ಮ ಮರೆಯಲಿಲ್ಲ. ಡಾಕ್ಟ್ರ ಕೋಣೆ ಮೊದಲು, ಕೀವು ರಕ್ತದ ಡ್ರೆಸಿಂಗ್ ರೂಮು ಕೊನೆಗೆ, ಪ್ರತಿ ಕೋಣೆಗೂ ಹೊಸ ನೀರು.

"ಏನಮ್ಮಿ, ಫಿನಾಯ್ಲು ವಾಸ್ನೇನೇ ಇಲ್ಲ, ಒರ್ಸಿಲ್ವಾ?" ಅಂತ ರೋಗಿಗಳು ಕೊಂಕು ತೆಗೆದರೆ ಅವಳು ಬಿಡುತ್ತಿರಲಿಲ್ಲ. "ವಾಸ್ನೆ ಕುಡಿಯಕ್ ಬಂದಿದ್ದೀಯಾ, ಮದ್ದು ತಕ್ಕಂಡ್ ಓಗಕ್ ಬಂದಿದ್ದೀಯಾ?"

ಅವಳಿಗೆ ಆ ಕೆಲಸ ಸಂಬಳಕ್ಕಿಂತ ದೊಡ್ಡದಾಗಿತ್ತು. ಗಂಡನಿಗೆ ಸಕ್ಕರೆ ಕಾಯಿಲೆ, ಅಂಗಾಲಲ್ಲಿ ವಾಸಿಯಾಗದ ಹುಣ್ಣು. ಅವಳ ಮುಖ ನೋಡಿ ಡಾಕ್ಟ್ರು ದಿನಾ ಪುಕ್ಕಟೆ ಡ್ರೆಸಿಂಗ್ ಮಾಡಿಸುತ್ತಿದ್ದರು. ಕಟ್ಟುತ್ತಿದ್ದವಳು ನಾನು. ಹುಣ್ಣು ಆರುತ್ತಾ ಬಂದಿತ್ತು...

ಆಯುಧಪೂಜೆ ಬಂತು. ಡಾಕ್ಟ್ರು ಊರಲ್ಲಿರಲಿಲ್ಲ. ಕತ್ತರಿ, ಇಕ್ಕಳ, ಬಿ.ಪಿ. ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟೆ. ಹೊಸ್ತಿಲ ಪೂಜೆ ಇಲ್ಲದೆ ಅದೆಂಥ ಹಬ್ಬ? ಡ್ರೆಸಿಂಗ್ ರೂಮಿನ ಬಾಗಿಲಲ್ಲಿ, ಹೊಸ್ತಿಲು ಇರಬೇಕಾದ ಜಾಗದಲ್ಲಿ, ವಿನೈಲ್ ಮೇಲೇ ಅರಿಸಿನ ಬಳಿದು, ವೀಳ್ಯದೆಲೆ ಇಟ್ಟು, ಅದರ ಮೇಲೆ ಕರ್ಪೂರ ಇಟ್ಟೆ.

"ಬ್ಯಾಡ ಕಣವ್ವ, ತಟ್ಟೇಲಿ ಅಚ್ಚು. ಇದು ಪ್ಲಾಸ್ಟಿಕ್ಕು, ಸುಟ್ಟೋಯ್ತದೆ," ಅಂದಳು ಆಯಮ್ಮ.

"ನೆಲ ಒರೆಸೋಳು ನೀನು ನಂಗೆ ಪೂಜೆ ಹೇಳ್ಕೊಡ್ತೀಯಾ?" ಅಂತ ಗದರಿ ಕಡ್ಡಿ ಗೀರಿದೆ. ಎಲೆ ಮುರುಟಿತು, ಕೆಳಗಿನ ಹಾಳೆ ಬೊಬ್ಬೆ ಎದ್ದು ಕರಗಿ ತೂತಾಯಿತು. ಸುತ್ತಲ ಅರಿಸಿನದ ಕಲೆಯನ್ನು ಸಂಜೆಯವರೆಗೂ ಕೂತು ಉಜ್ಜಿದವಳು ಅವಳೇ. ಹೋಗಲಿಲ್ಲ.

ಡಾಕ್ಟ್ರು ಬಂದವರೇ ಕೆಂಡವಾದರು. "ತೂತು ಬಿದ್ದ ನೆಲ ಒರೆಸಿದರೂ ಒಂದೇ, ಬಿಟ್ಟರೂ ಒಂದೇ. ಗಾಯದ ನೀರೆಲ್ಲ ಇದರೊಳಕ್ಕೆ ಇಳಿಯುತ್ತೆ. ಯಾರ ಕೆಲಸ ಇದು?"

ನಾನು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅದಕ್ಕೆ ಬೇಕಾದ ಅನುಭವ ಪತ್ರ ಅವರ ಮೇಜಿನ ಮೇಲಿತ್ತು, ಸಹಿ ಒಂದು ಬಾಕಿ. "ಆಯಮ್ಮ ಸಾರ್. ಬೇಡ, ಇದು ಪ್ಲಾಸ್ಟಿಕ್ಕು ಅಂದೆ, ಕೇಳಲಿಲ್ಲ," ಅಂದುಬಿಟ್ಟೆ. ಅವಳ ಮಾತನ್ನೇ ಕದ್ದು ಅವಳ ತಲೆಗೇ ಕಟ್ಟಿದೆ. ಥೂ, ನನ್ನ ಬಾಯಿಗೆ ಹುಳ ಬೀಳ!

ಆಯಮ್ಮ ನನ್ನನ್ನು ನೋಡಿದಳು. ಅವಳ ಗಂಡನ ಕಾಲು ನನ್ನ ಕೈಯಲ್ಲಿತ್ತು, ನನ್ನನ್ನು ಎದುರು ಹಾಕಿಕೊಳ್ಳುವುದು ಹೇಗೆ? "ತಪ್ಪಾಯ್ತು ಸ್ವಾಮಿ, ಒಂದ್ಸಲ ಒಟ್ಟೇಗಾಕ್ಕಳಿ," ಅಂತ ಕೈಮುಗಿದಳು. ಅವರು ಹಾಕಿಕೊಳ್ಳಲಿಲ್ಲ. ನಾಳೆಯಿಂದ ನೀನೂ ಬರಬೇಡ, ನಿನ್ನ ಗಂಡನೂ ಬರುವುದು ಬೇಡ ಅಂದರು.

ಹೊರಗೆ ಬಂದು ನನ್ನ ಸೆರಗು ಹಿಡಿದಳು. "ನಮ್ಮೋರ್ ಕಾಲ್ಗೆ ಇನ್ಯಾರವ್ವ ಕಟ್ತಾರೆ?" ನಾನು ಸೆರಗು ಬಿಡಿಸಿಕೊಂಡು ಒಳಗೆ ಹೋದೆ. ಆ ಮಧ್ಯಾಹ್ನ ನನ್ನ ಪತ್ರಕ್ಕೆ ಸಹಿ ಬಿತ್ತು. ಮೂರು ತಿಂಗಳಿಗೆ ಆತನ ಕಾಲು ಮಂಡಿಯವರೆಗೆ ತೆಗೆದರಂತೆ, ಯುಗಾದಿ ಹೊತ್ತಿಗೆ ಮನುಷ್ಯನೇ ಇರಲಿಲ್ಲ. ಹೂ ಮಾರುವವಳು ಹೇಳಿದಳು.

ಎಷ್ಟೋ ವರ್ಷದ ಮೇಲೆ ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಳು. ಮಗಳ ಮನೆಯಲ್ಲಿದ್ದಳಂತೆ, ಸೊರಗಿಹೋಗಿದ್ದಳು. ಇವತ್ತು ಹೇಳಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿ, "ಆಯಮ್ಮ, ಅವತ್ತು ಆ ಕರ್ಪೂರ..." ಅಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. "ನಾನೇ ಮುಂಡೆ ಕಣವ್ವ. ನೀನು ಬ್ಯಾಡ ಬ್ಯಾಡ ಅಂತ ಬಡ್ಕಂಡ್ರೂ ಕೇಳ್ದೆ ಅಚ್ಬುಟ್ಟೆ. ಮಕ್ಳು ಇವತ್ಗೂ ಬೈತವೆ. ನನ್ ಕೈಯಾರೆ ಅವ್ರನ್ನ ಕಳ್ಕಂಡೆ."

ಇಷ್ಟು ವರ್ಷ ಎಲ್ಲರೂ ಹೇಳಿ ಹೇಳಿ, ನನ್ನ ಸುಳ್ಳು ಅವಳ ನೆನಪೇ ಆಗಿಹೋಗಿತ್ತು. ನನ್ನ ಬಸ್ಸು ಬಂತು. ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ಇನ್ನೂ ಕೈಮುಗಿದುಕೊಂಡೇ ನಿಂತಿದ್ದಳು...

ಕ್ಲಿನಿಕ್ಕಿನಲ್ಲಿ ನನ್ನ ಟೋಕನ್ ಕೂಗಿದ್ದೂ ಕೇಳಿಸಲಿಲ್ಲ, ಪಕ್ಕದವರು ತಟ್ಟಿ ಎಬ್ಬಿಸಿದರು. ಆಯಮ್ಮ ಹೋದ ವರ್ಷ ತೀರಿಕೊಂಡಳು. ಗಂಡನನ್ನು ಕೊಂದವಳು ತಾನೇ ಅಂತ ನಂಬಿಕೊಂಡೇ ಸತ್ತಳು. ಅಲ್ಲ ಅಂತ ಹೇಳಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಹೇಳಲಿಲ್ಲ.