ಬದನೆಕಾಯಿ ಸುಡಲು ಒಂದು ಗ್ರಿಲ್

ಶಿವಮೊಗ್ಗದ ಆಲ್ಕೊಳದ ಈ ಫ್ಲ್ಯಾಟ್ ಕೊಳ್ಳುವಾಗ ನಾನು ಮಾವನವರನ್ನು ಒಂದು ಮಾತು ಕೇಳಲಿಲ್ಲ. ನಮ್ಮ ಕಡೆ ಎಮ್ಮೆ ಕೊಳ್ಳುವಾಗಲೂ ಹೆಣ್ಣು ಕೊಟ್ಟ ಮಾವನ ಕಿವಿಗೆ ಹಾಕುತ್ತಾರೆ. ನಾನು ಮಾತ್ರ ಮನೆಯನ್ನೇ ಕೊಂಡು, ಗೃಹಪ್ರವೇಶದ ಕಾರ್ಡು ಹಿಡಿದುಕೊಂಡು ಜನ್ನಾಪುರಕ್ಕೆ ಹೋದೆ. ಮಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದವರು. ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, "ಅಲ್ಲ ಅಳಿಯಂದ್ರೇ, ಆ ಬೆಂಕಿಪೊಟ್ಟಣದಲ್ಲಿ ಒಂದು ಬದನೆಕಾಯಿ ಸುಡೋಕೆ ಜಾಗ ಇದೆಯಾ?" ಎಂದರು. ಗೃಹಪ್ರವೇಶಕ್ಕೆ ಬರಲಿಲ್ಲ. ಆಮೇಲೆ ಎರಡು ವರ್ಷವಾದರೂ ಬರಲಿಲ್ಲ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಗೇನು ಬರವೇ? ದೂರದ ನೆಪ ಹೇಳುವಂತಿರಲಿಲ್ಲ. ಹೆಂಡತಿ ಜಗಳವಾಡಲಿಲ್ಲ. ಅಪ್ಪನಿಗೆಂದು ತಂದಿಟ್ಟ ಹೊಸ ಟವೆಲನ್ನು ಆಗಾಗ ಬೀರುವಿನಿಂದ ತೆಗೆದು, ಬಿಸಿಲಿಗೆ ಹಾಕಿ, ಮತ್ತೆ ಮಡಿಸಿ ಇಡುತ್ತಿದ್ದಳು. ಅದರ ಬದಲು ನಾಲ್ಕು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬದನೆಕಾಯಿ ಸುಡುವ ವ್ಯವಸ್ಥೆಯನ್ನೇ ಮಾಡಿಬಿಟ್ಟರೆ ಮಾವನಿಗೆ ಬೇರೆ ನೆಪ ಉಳಿಯುವುದಿಲ್ಲ ಎಂದುಕೊಂಡು, ಬಾಲ್ಕನಿಯಲ್ಲಿಟ್ಟು ಸುಡುವಂಥ ಗ್ರಿಲ್ ಒಂದನ್ನು ಹುಡುಕತೊಡಗಿದೆ.

ಈ ಬಾಲ್ಕನಿಯಿಂದ ರಾಗಿಗುಡ್ಡ ಕಾಣುತ್ತದೆಂದು ಬಿಲ್ಡರ್ ಹೇಳಿದ್ದ. ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು. ಅಗಲ ನಾಲ್ಕು ಅಡಿ. ಅದರಲ್ಲೇ ವಾಷಿಂಗ್ ಮಷಿನ್, ಎರಡು ಹೂಕುಂಡ, ಕಾಲು ಮುರಿದ ಕುರ್ಚಿ. ಇದ್ದಿಲಿನ ಗ್ರಿಲ್ ತಂದರೆ ಹೊಗೆಯೆಲ್ಲ ಮೇಲಿನ ಮನೆಯವರು ಒಣಹಾಕಿದ ಸೀರೆಗೆ. ಗ್ಯಾಸಿನದಾದರೆ ಬಾಲ್ಕನಿಯಲ್ಲಿ ಸಿಲಿಂಡರ್ ಇಡಬೇಕು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸುತರಾಂ ಒಪ್ಪುವುದಿಲ್ಲ. ಆತ ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ಗ್ರಿಲ್ ವಿಷಯ ಕಿವಿಗೆ ಬಿದ್ದು, ಒಂದು ದಿನ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಕೋಳಿಗೀಳಿ ಏನಾದ್ರೂ ಮಾಡೋ ಪ್ಲಾನ್ ಇದೆಯೇನ್ರೀ?" ಎಂದು ಪಿಸುಗುಟ್ಟಿದ. ಅದು ಆಕ್ಷೇಪಣೆಯೋ ಆಸೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಂತೂ ಹೊಗೆಯಿಲ್ಲದ ಕರೆಂಟ್ ಗ್ರಿಲ್ ತರಿಸಿದೆ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಹೆಮ್ಮೆಯಿಂದ ಮಾವನಿಗೆ ಫೋನ್ ಮಾಡಿದೆ.

"ಕರೆಂಟಲ್ಲಿ ಬದನೆಕಾಯಿ ಸುಡ್ತೀರಾ? ಅಂಗಿ ಇಸ್ತ್ರಿ ಮಾಡ್ದಂಗೆ?" ಎಂದವರೇ ಫೋನ್ ಇಟ್ಟರು.

ಮುಂದಿನ ಭಾನುವಾರ ಬೆಳಗ್ಗೆ ನಮ್ಮ ಗೇಟಿಗೆ ಒಂದು ಲಗೇಜ್ ಆಟೋ ಬಂತು. ಮುಂದೆ ಮಾವ, ಹಿಂದೆ ಗೋಣಿಚೀಲ ಹೊದ್ದ ಗ್ರಿಲ್. ಜನ್ನಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಅವರೇ ಮಾಡಿದ್ದು. ಭದ್ರಾವತಿಯವರ ಕೈಗೆ ಕಬ್ಬಿಣ ಸಿಕ್ಕರೆ ಹೀಗೇ. ಸೌಟು ಮಾಡಿಕೊಡಿ ಎಂದರೂ ಲಾರಿ ಹತ್ತಿದರೂ ಬಗ್ಗದ ಹಾಗೆ ಮಾಡುತ್ತಾರೆ. ಬೆರಳು ದಪ್ಪದ ಪ್ಲೇಟು, ಕಿಟಕಿಗೆ ಹಾಕುವಂಥ ಸರಳು. ಆಟೋದವನು, ವಾಚ್‌ಮನ್ ಮತ್ತು ನಾನು ಸೇರಿ ಇಳಿಸುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಲಿಫ್ಟಿನೊಳಗೆ ಇಟ್ಟೊಡನೆ ಲಿಫ್ಟು ಕುಂಯ್ಯೆಂದು ಅರಚಿ, ಬಾಗಿಲು ಮುಚ್ಚಲು ಒಪ್ಪಲಿಲ್ಲ. ಕಾರ್ಯದರ್ಶಿ ಓಡಿಬಂದು, "ಇದನ್ನ ಇಟ್ರೆ ಬಾಲ್ಕನಿ ಬಿದ್ದೇ ಹೋಗುತ್ತೆ!" ಎಂದ.

"ಬೀಳೋ ಬಾಲ್ಕನಿ ಯಾಕ್ ಕಟ್ಟಿದ್ದು ಮಾರಾಯ?" ಎಂದರು ಮಾವ.

ಕೊನೆಗೆ ಪಾರ್ಕಿಂಗಿನ ಆಚೆ, ಕಾಂಪೌಂಡಿನ ಮೂಲೆಯಲ್ಲಿ ಇದ್ದಿಲು ಹಚ್ಚಿದ್ದಾಯಿತು. ಎಣ್ಣೆ ಸವರಿದ ಬದನೆಕಾಯಿ ಚಟಪಟ ಎಂದು ಸಿಪ್ಪೆ ಬಿಡತೊಡಗಿದಾಗ, ತಪಾಸಣೆಗೆಂದು ನಿಂತ ಕಾರ್ಯದರ್ಶಿ ಹೊಗೆ ಬರುವ ದಿಕ್ಕಿಗೇ ಸರಿದು ನಿಂತ. ಸುಟ್ಟ ಕಾಯಿಗಳನ್ನು ತಟ್ಟೆಗೆ ಹಾಕಿಕೊಂಡ ಮಾವ ಮೆಟ್ಟಿಲನ್ನೊಮ್ಮೆ, ಗೇಟನ್ನೊಮ್ಮೆ ನೋಡಿದರು. ಕೆಳಗಿಳಿದು ಬಂದಿದ್ದ ಹೆಂಡತಿ ಮೇಲೆ ಬಾ ಎನ್ನಲಿಲ್ಲ.

"ಉಪ್ಪು, ಹುಣಸೆಹಣ್ಣು ಎಲ್ಲಾ ಮೇಲಿದೆ ಅಪ್ಪಾಜಿ," ಎಂದಳು, ಅಷ್ಟೆ.

ಮಾವ ಲಿಫ್ಟನ್ನು ನಂಬದೆ ಮೂರು ಮಹಡಿ ಹತ್ತಿದರು. ಗೊಜ್ಜು ಕಲಸಿಟ್ಟು, ಬಾಲ್ಕನಿಗೆ ಬಂದು, ನನ್ನ ಕರೆಂಟ್ ಗ್ರಿಲ್ಲನ್ನು ಉಗುರಿನಿಂದ ಟಕಟಕ ಬಡಿದು, "ತಗಡು" ಎಂದರು. ನನಗೆ ಸೊಂಟ ಉಳುಕಿದ ಸಿಟ್ಟಿತ್ತು. "ಅಷ್ಟು ಭಾರದ್ದು ಯಾಕೆ ಮಾಡೋಕ್ ಹೋದ್ರಿ ಮಾವ?" ಎಂದೆ.

ಅವರು ನೀರಿನ ಟ್ಯಾಂಕನ್ನೇ ನೋಡುತ್ತಾ ಹೇಳಿದರು: "ಈ ಮನೇಲಿ ಒಂದು ಮೊಳೆ ಹೊಡಿಯೋಕೂ ನನ್ನ ಕೇಳ್ಲಿಲ್ಲ. ನಾನು ಮಾಡಿದ್ದು ಒಂದಾದ್ರೂ ಅಲ್ಲಾಡ್ದಂಗೆ ಇರ್ಲಿ ಅಂತ."

ನನಗೆ ನಾಚಿಕೆಯಾಯಿತು. ಎರಡು ವರ್ಷ ನಾನು ಬದನೆಕಾಯಿಯ ಹಿಂದೆ ಬಿದ್ದಿದ್ದೆ. ಒಳಗೆ ಹೋಗಿ ಅಳತೆಯ ಟೇಪು ತಂದು ಅವರ ಕೈಗಿಟ್ಟೆ.

"ಮಾವ, ಈ ತಗಡಿಗೊಂದು ಸ್ಟ್ಯಾಂಡ್ ಬೇಕು. ಎಷ್ಟು ಎತ್ತರ ಇಡೋಣ?"

ಮಾವ ನನ್ನ ಮುಖವನ್ನು ನೋಡಿದರು, ಗ್ರಿಲ್ಲನ್ನು ನೋಡಿದರು, ಟೇಪನ್ನು ಸರ್ರನೆ ಎಳೆದರು.

"ಅವಸರ ಮಾಡ್ಬೇಡಿ. ಇವತ್ತು ಇಲ್ಲೇ ಇರ್ತೀನಲ್ಲ, ನೋಡಿ ಹೇಳ್ತೀನಿ."

ಹೆಂಡತಿ ಟವೆಲ್ ತರಲು ಒಳಗೆ ಹೋದಳು.