ಭೂಪಟದ ಮೇಲಿನ ಹುಣಸೆ ಬೀಜ

ಮೊನ್ನೆ ಮಳವಳ್ಳಿಯ ನಮ್ಮ ಶಾಲೆಯಲ್ಲಿ ಬೀರು ಜರುಗಿಸುವಾಗ ಹಿಂದಿನಿಂದ ಹಳೆಯ ಭೂಪಟವೊಂದು ಉರುಳಿಬಿತ್ತು. ಬಿಚ್ಚಿದರೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಅಂಟಿನ ಕಲೆಗಳು. ಒಂದರ ಮೇಲೆ ಹುಣಸೆ ಬೀಜ ಇನ್ನೂ ಕೂತಿತ್ತು...

ಅಂಟಿಸಿದವರು ಭೂಗೋಳದ ಮೇಷ್ಟ್ರು. ಹೊನ್ನಾವರದ ಕಡೆಯವರು. ನಾನಾಗ ಹೊಸದಾಗಿ ಸೇರಿದ ಕಿರಿಯ ಮೇಷ್ಟ್ರು; ಪಾಠಕ್ಕಿಂತ ಅಣಕಕ್ಕೆ ಹೆಸರಾದವನು. ಹೆಡ್‌ಮೇಷ್ಟ್ರ ಕೆಮ್ಮು, ಡ್ರಿಲ್ ಮೇಷ್ಟ್ರ ಗತ್ತು, ಯಾರೂ ಸಿಗದಿದ್ದರೆ ನನ್ನದೇ ಕೊಕ್ಕರೆ ನಡಿಗೆ.

ಊರಲ್ಲಿದ್ದ ಮೇಷ್ಟ್ರ ತಾಯಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ದಸರಾ ರಜೆಯಲ್ಲಿ ಮಂಗಳೂರಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಗಾಡಿಯ ಕುಲುಕಾಟ, ಸೇತುವೆಯಿಲ್ಲದ ಹೊಳೆ ಹೊಳೆಗೂ ಇಳಿದು ಹತ್ತುವುದು ಮುದುಕಿಗೆ ಆಗದು. ಹಾಯಿ ಹಡಗೇ ಸರಿ ಎಂದು ತೀರ್ಮಾನಿಸಿದ್ದರು. ಬೆಳಗಿನ ನೆಲಗಾಳಿಗೆ ಹೊರಡುವುದು, ಮಧ್ಯಾಹ್ನದ ಕಡಲಗಾಳಿಗೆ ತೆಂಕಕ್ಕೆ ಓಡುವುದು, ಕತ್ತಲಾಗುವ ಮೊದಲು ಯಾವುದಾದರೂ ಹೊಳೆಬಾಯಿ ಸೇರುವುದು. ಅದೂ ಉಬ್ಬರವಿದ್ದಾಗ ಮಾತ್ರ. ಇಳಿತದಲ್ಲಿ ನುಗ್ಗಿದರೆ ಮರಳ ದಿಬ್ಬಕ್ಕೆ ಬಡಿದು ಹಡಗು ಒಡೆಯುತ್ತದಂತೆ. ಪಂಚಾಂಗದ ತಿಥಿ ಹಿಡಿದು ಉಬ್ಬರದ ಹೊತ್ತನ್ನೂ ಗುರುತು ಹಾಕಿದ್ದರು. ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು: ತಂಗುವ ಬಂದರಿಗೊಂದು ಬೀಜ. ಗಾಳಿ ಕೆಟ್ಟರೆ ಅಲ್ಲೇ ಕಾಯಬೇಕು. ಅದಕ್ಕೆ ರಜೆಯ ಮೇಲೆ ಇನ್ನೊಂದು ವಾರ ಬೇಕು. ತರಗತಿಗಳನ್ನು ಯಾರಾದರೂ ನೋಡಿಕೊಂಡರೆ ಹೋಗಿ ಎಂದಿದ್ದರು ಹೆಡ್‌ಮೇಷ್ಟ್ರು.

ರಜೆಯ ಹಿಂದಿನ ದಿನ ಮೇಷ್ಟ್ರುಗಳ ಕೋಣೆಯಲ್ಲಿ ನಾನು ಬೆಂಚನ್ನೇ ಹಡಗು ಮಾಡಿದ್ದೆ. ಮೊದಲು ಮೇಷ್ಟ್ರಾಗಿ ಬೆರಳು ನೆಕ್ಕಿ ಗಾಳಿ ನೋಡಿದೆ. ನಗು ಸಾಲಲಿಲ್ಲ. ತಾಯಿಯಾದೆ. ಕಣ್ಣು ಮುಚ್ಚಿ, ಕೈ ತಡಕಾಡುತ್ತ, ಮಗನನ್ನು ಕರೆದು "ತಮಾ, ಬಂದರು ಬಂತ?" ಎಂದೆ.

"ಇನ್ನೊಂದ್ಸಲ ಮಾಡು ಕಣ್ಲಾ," ಎಂದರು ಡ್ರಿಲ್ ಮೇಷ್ಟ್ರು, ಹೊಟ್ಟೆ ಹಿಡಿದುಕೊಂಡು.

ಮಾಡಿದೆ. ಈ ಸಲ ಯಾರೂ ನಗಲಿಲ್ಲ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಮೇಷ್ಟ್ರು. ಕೈಯಲ್ಲಿ ಅವರ ತರಗತಿಗಳ ಪಟ್ಟಿ, ಮೇಲೆ ನನ್ನ ಹೆಸರು...

"ಏನೋ ಕೇಳುವಾ ಅಂತ ಬಂದಿದ್ದೆ. ಇರಲಿ," ಎಂದು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡರು. ನಾನು ಇಳಿದು, ಹಡಗಾಗಿದ್ದ ಬೆಂಚನ್ನು ಅದರ ಜಾಗಕ್ಕೆ ಎಳೆಯತೊಡಗಿದೆ.

ಶಾಲೆ ತೆರೆದ ದಿನವೇ ಅವರು ಹಾಜರು. ಭಟ್ಕಳದಲ್ಲಿ ಗಾಳಿ ಕೆಟ್ಟು ಹಡಗು ನಿಂತಿತ್ತಂತೆ.

"ಕಾಯೋಕೆ ರಜೆ ಎಲ್ಲಿತ್ತು ಮಾರಾಯ? ಗಾಡಿ ಮಾಡಿ ಅಮ್ಮನ್ನ ವಾಪಸ್ ಮನೆಗೆ ಬಿಟ್ಟುಬಂದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ತಾಯಿಗೆ ಪೂರ್ತಿ ಕಾಣದಾಯಿತೆಂದು ಕಾಗದ ಬಂತು. ಮೇಷ್ಟ್ರು ಕೆಲಸ ಬಿಟ್ಟು ಊರಿಗೆ ಹೊರಟರು. ಬಸ್ಸು ಹತ್ತಿಸಲೂ ನಾನು ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿಕಳಿಸಿದೆ.

"ಎಸಿ ಕಣ್ಲಾ ಅದ್ನ, ಗೆದ್ಲು ಇಡಿದದೆ," ಎಂದರು ಮೊನ್ನೆ ಡ್ರಿಲ್ ಮೇಷ್ಟ್ರು. ಉಳಿದಿದ್ದ ಬೀಜ ಭಟ್ಕಳದ್ದು. ಭೂಪಟ ಸುತ್ತಿ ಬೀರುವಿನ ಹಿಂದೆಯೇ ಇಟ್ಟೆ. ಭೂಗೋಳ ಈಗ ನನ್ನ ಪಾಲಿಗೆ ಬಂದಿದೆ. ಅಂದು ಒಂದು ವಾರ ನೋಡಿಕೊಳ್ಳಬೇಕಿದ್ದ ತರಗತಿಗಳು ವರ್ಷವಿಡೀ ನನ್ನವೇ. ಪಶ್ಚಿಮ ಕರಾವಳಿಯ ಪಾಠ ಬಂದಾಗ ಮಾತ್ರ ತಲೆ ಎತ್ತದೆ ಪುಸ್ತಕ ಓದಿ ಮುಗಿಸಿಬಿಡುತ್ತೇನೆ.