ನಾನು ನುಂಗಿದ ‘ಉ’

ವಿನುತಾ, ಆ ಪೋಲಿಷ್ ಸಿನಿಮಾದ ಹುಡುಗಿ ‘ಉಹ್ಞೂ’ ಅಂದಿದ್ದಳು. ‘ಹ್ಞೂ’ ಅಂದಳು ಎಂದು ನಿನ್ನ ಅಮ್ಮನಿಗೆ ಹೇಳಿದವನು ನಾನು. ಬಾಯಿ ತಪ್ಪಿ ಅಲ್ಲ — ತಿಳಿದೇ.

ಸೆರಂಗೂನಿನ ನಮ್ಮ ಮನೆ. ನಿನ್ನ ಅಮ್ಮ, ನನ್ನ ಅತ್ತೆ, ಮೈಸೂರಿನಿಂದ ಈ ಪರದೇಶಕ್ಕೆ ಬಂದಿದ್ದರು, ಬ್ಯಾಗಿನಲ್ಲಿ ಆ ಬ್ಯಾಂಕ್ ಹುಡುಗನ ಜಾತಕ. ನಿನ್ನ ಅಕ್ಕ ಆಫೀಸಿನಲ್ಲಿದ್ದಳು. ಬೇಡ ಎನ್ನಲು ನಿನಗೆ ಬಾಯಿ ಬರಲಿಲ್ಲ. ಅದಕ್ಕೇ ನೀನು ಆ ಕಪ್ಪು-ಬಿಳುಪು ಹಾಡು-ಹಾಸ್ಯದ ಚಿತ್ರ ಹಾಕಿದೆ — ಮನೆಯವರು ಗೊತ್ತುಮಾಡಿದ ವರನ ಎದುರೇ ಮೇಜು ಹತ್ತಿ ಹಾಡುವ ತಂಟೆಕೋರ ಹುಡುಗಿಯದು. “ಭಾವ, ಸಬ್‌ಟೈಟಲ್ಸ್ ಅಮ್ಮಂಗೆ ಕನ್ನಡದಲ್ಲಿ ಹೇಳ್ತಾ ಹೋಗಿ. ನಾನಿಲ್ಲಿದ್ರೆ ಅತ್ತುಬಿಡ್ತೀನಿ,” ಎಂದು ಕಟ್ಟಡದಡಿಯ ತೆರೆದ ಜಾಗಕ್ಕೆ, ವಾಯ್ಡ್ ಡೆಕ್‌ಗೆ ಇಳಿದುಹೋದೆ.

ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆ — ಅತ್ತೆ ನಕ್ಕರು, ಹಾಡಿಗೆ ತಾಳ ಕೂಡ ಹಾಕಿದರು. ಕೊನೆಗೆ ಹುಡುಗಿ ತಾಯಿಯ ಮುಂದೆ ನಿಂತು, ಈ ಮದುವೆ ಬೇಡ ಎಂದಳು. ಅತ್ತೆ ನನ್ನತ್ತ ತಿರುಗಿದರು. “ಏನಂದ್ಲು? ಹ್ಞೂ ಅಂದ್ಲಾ?”

ಅತ್ತೆಯ ಬಿಪಿ, ಅಳಿಯನೇ ತಲೆ ಕೆಡಿಸಿದ ಎಂಬ ಮಾತು, ಊಟದ ಹೊತ್ತಿನ ಮೌನ — ತಲೆಯಲ್ಲಿ ಓಡಿದ್ದು ಇಷ್ಟೇ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಎಂಆರ್‌ಟಿ ರೈಲು ಸ್ಟೇಷನ್‌ನಿಂದ ವಾಪಸು ಬರುವ ಪ್ರಾಣಿ ನಾನು. ಇಂಥ ಪುಕ್ಕಲನನ್ನು ನಂಬಿ ನೀನು ಕೆಳಗೆ ಕೂತಿದ್ದೆ. ಆ ಹುಡುಗಿ ಮೇಜು ಹತ್ತಿದ್ದಳು. ನನಗೆ ಸೋಫಾದಲ್ಲಿ ಕೂತು ಒಂದು ‘ಉ’ ಹೇಳಲಾಗಲಿಲ್ಲ. “ಹ್ಞೂ, ಅತ್ತೆ,” ಎಂದೆ.

ನೀನು ಮೇಲೆ ಬಂದೆ. “ಪಿಕ್ಚರ್ ಪೂರ್ತಿ ನೋಡ್ದೆ ಕಣೇ. ಹಾಗಾದ್ರೆ ಹುಡುಗನ ಕಡೆಯವ್ರಿಗೆ ಹೇಳಿಬಿಡ್ಲಾ?” ಎಂದರು ಅತ್ತೆ. ಆ ಹುಡುಗಿ ಬೇಡ ಎಂದದ್ದು ತಿಳಿದೂ ಅಮ್ಮ ಕೇಳುತ್ತಿದ್ದಾರೆ ಎಂದುಕೊಂಡೆಯಲ್ಲವೇ? ನನ್ನ ಮುಖ ನೋಡಿದೆ. ನಾನು ರಿಮೋಟಿನ ಬ್ಯಾಟರಿ ಸರಿಮಾಡುತ್ತಿದ್ದೆ — ಅದು ಸರಿಯಾಗಿಯೇ ಇತ್ತು. ಆಗ ನಿನ್ನ ಬಾಯಿಂದಲೂ ‘ಹ್ಞೂ’ ಬಂತು.

ಈಗ ನೀನು ಇದೇ ಊರಿನ ಟೋವಾ ಪಾಯೋದಲ್ಲಿ, ಗಂಡನ ಮನೆಯಲ್ಲಿ. ನಿನ್ನ ಗಂಡ ಕೆಟ್ಟವನಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ — ಎಂಥ ಹೊಲಸು ಸಮಾಧಾನ. ನೀನು ಅಮ್ಮನಿಗೆ ಫೋನ್ ಮಾಡುವುದಿಲ್ಲ. ಯಾಕೆ ಎಂದು ಅವರು ನನ್ನನ್ನು ಕೇಳುತ್ತಾರೆ, ಬಿಝಿಯಂತೆ ಎನ್ನುತ್ತೇನೆ. ನಿಮ್ಮಿಬ್ಬರ ನಡುವೆ ಕೂತು ಇನ್ನೂ ಅನುವಾದ ಮಾಡುತ್ತಲೇ ಇದ್ದೇನೆ.

ನೀನು ತೋರಿಸಹೊರಟ ಸಿನಿಮಾವನ್ನು ನಿನ್ನ ಅಮ್ಮ ಇವತ್ತಿಗೂ ನೋಡಿಲ್ಲ. ಈ ಭಾನುವಾರ ಅವರಿಗೂ ಹೇಳುತ್ತೇನೆ, ಒಂದಕ್ಷರವನ್ನೂ ನುಂಗದೆ. ಅವರ ಮೇಲೆ ನೀನು ಇಟ್ಟುಕೊಂಡಿರುವ ಕೋಪ — ಅದು ನನ್ನದು, ವಿನುತಾ. ನನಗೇ ಕೊಡು.